ನಾನು ಸಹಿ ಹಾಕದ ರೈಫಲ್

ಆರ್ಮರರ್ ಎಂದರೆ ಬಂದೂಕುಗಳನ್ನು ಪರೀಕ್ಷಿಸಿ, ರಿಪೇರಿ ಮಾಡಿ, ಸುಸ್ಥಿತಿಯಲ್ಲಿ ಇಡುವವರು. ಅಬುಧಾಬಿಯಿಂದ ಅಲ್ ಐನ್‌ಗೆ ಹೋಗುವ ರಸ್ತೆಯ ಬದಿಯ ಮರಳಿನಲ್ಲಿರುವ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನಾನು ಆ ಕೆಲಸ ಮಾಡಿ ನಿವೃತ್ತಳಾದೆ. ಕನ್ನಡದವರ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಯಾರಾದರೂ “ಮೇಡಂ, ನೀವು ಕ್ಲಬ್ಬಿನಲ್ಲಿ ಅಕೌಂಟ್ಸಾ, ರಿಸೆಪ್ಷನ್ನಾ?” ಎಂದು ಕೇಳುತ್ತಿದ್ದರು. “ರೈಫಲ್ ಬಿಚ್ಚೋದು, ಜೋಡಿಸೋದು” ಎನ್ನುತ್ತಿದ್ದೆ. ಕೇಳಿದವರು ನಕ್ಕು ಪಲ್ಯದ ಪಾತ್ರೆಯ ಕಡೆ ತಿರುಗುತ್ತಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ. ಅವರು ನಂಬದೆ ಇದ್ದರೂ ನನ್ನ ಉಗುರಿನ ಸಂದಿಯ ಎಣ್ಣೆ ಎಲ್ಲಿಗೂ ಹೋಗುತ್ತಿರಲಿಲ್ಲ.

ಈಗ ನಮ್ಮ ಕಡೆಯ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂದು ಕೇಳಿದ್ದೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ದೊಡ್ಡವರ ಪಕ್ಕ ನಿಂತು ತೆಗೆಸಿಕೊಂಡ ಫೋಟೊ, ಇವುಗಳ ವಿಷಯ ಬೇಕಾದವರು ಬೇರೆಯವರನ್ನು ಕೇಳಿಕೊಳ್ಳಲಿ. ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ. ಓದಿದ ಮೇಲೂ ಬರಬೇಕೆನಿಸಿದರೆ ಬನ್ನಿ.

ನಾನು ಹುಬ್ಬಳ್ಳಿಯವಳು. ಅಪ್ಪನದು ಲೇತ್ ವರ್ಕ್‌ಶಾಪು. ಕಬ್ಬಿಣದ ಚೂರು ಕಾಲಿಗೆ ಚುಚ್ಚಿಸಿಕೊಂಡೇ ಬೆಳೆದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದೆ, ಎನ್‌ಸಿಸಿಯಲ್ಲಿ ರೈಫಲ್ ಹಿಡಿದೆ. ಮದುವೆಯಾಗಿ ದುಬೈಗೆ ಬಂದಾಗ ನಾವು ಇದ್ದದ್ದು ಬರ್ ದುಬೈಯ ಒಂದು ಹಳೆಯ ಕಟ್ಟಡದಲ್ಲಿ, ಮೂರು ಕುಟುಂಬಗಳಿಗೆ ಒಂದೇ ಅಡುಗೆಮನೆ. ಸುಮ್ಮನೆ ಕೂತು ಸಾಕಾಗಿ ನೈಫ್ ಎಂಬ ಪೇಟೆಯ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ದಿನಾ ಅಬ್ರಾ ದೋಣಿಯಲ್ಲಿ ಕ್ರೀಕ್ ಎಂಬ ಕಡಲಿನ ಕಾಲುವೆ ದಾಟಿ ಹೋಗುತ್ತಿದ್ದೆ. ಅಲ್ಲಿ ಮರಳುಗಾಡಿನ ಡೇರೆ, ದುರ್ಬೀನು, ಗಿಡುಗ ಸಾಕುವವರಿಗೆ ಚರ್ಮದ ಕೈಗವಸು, ರೈಫಲ್ ಮೇಲೆ ಕೂರಿಸುವ ದೂರದರ್ಶಕ ಇಂಥವನ್ನೆಲ್ಲ ಮಾರುತ್ತಿದ್ದರು. ನನ್ನನ್ನು ಸೇರಿಸಿಕೊಂಡದ್ದು ಮಾರಾಟದ ಕೆಲಸಕ್ಕೆ, ನಾನು ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡತೊಡಗಿದೆ. ಮಾಲೀಕ ಮೊದಲು ಬೈದ, ಆಮೇಲೆ ಸುಮ್ಮನಾದ.

ಅಬು ಖಲೀಲ್ ನನ್ನನ್ನು ಕಂಡದ್ದು ಅಲ್ಲಿಯೇ. ಜೋರ್ಡಾನ್ ಸೈನ್ಯದಲ್ಲಿ ಆರ್ಮರರ್ ಆಗಿ ನಿವೃತ್ತನಾಗಿ ಬಂದು, ಅಬುಧಾಬಿಯ ಆ ಕ್ಲಬ್ಬಿನ ವರ್ಕ್‌ಶಾಪ್ ನಡೆಸುತ್ತಿದ್ದ ಮನುಷ್ಯ. ಉಂಗುರ ಜಾಮ್ ಆಗಿದ್ದ ದೂರದರ್ಶಕವೊಂದನ್ನು ತಂದಿದ್ದ. ನಾನು ಅದನ್ನು ಬಲ ಹಾಕಿ ತಿರುಗಿಸದೆ, ಮೊದಲು ಸ್ವಲ್ಪ ಬಿಸಿ ಮಾಡಿ, ಆಮೇಲೆ ಬಿಡಿಸಿದೆ. ಅವನು ಅದನ್ನು ನೋಡದೆ ನನ್ನ ಕೈಯನ್ನೇ ನೋಡುತ್ತಿದ್ದ.

“ಬಂದೂಕು ಕಂಡರೆ ಭಯವೇ?” ಎಂದು ಹಿಂದಿಯಲ್ಲಿ ಕೇಳಿದ.

“ಹಿಡಿದವರನ್ನು ಕಂಡರೆ ಭಯ” ಎಂದೆ.

ಅವನು ತನ್ನ ಕ್ಲಬ್ಬಿಗೆ ಕೆಲಸಕ್ಕೆ ಕರೆದ. ನಮ್ಮ ಯಜಮಾನರಿಗೂ ಅದೇ ಹೊತ್ತಿಗೆ ಅಬುಧಾಬಿಯ ಅಲ್ ಮೀನಾ ಬಂದರಿನ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಹೀಗಾಗಿ ಹೊರಟೆವು. ಕ್ಲಬ್ಬಿಗೆ ಆಗ ಮಹಿಳೆಯರ ಅಭ್ಯಾಸದ ಹೊತ್ತಿಗೆ ಹೆಂಗಸೊಬ್ಬಳು ಬೇಕಾಗಿದ್ದಳು. ನನ್ನನ್ನು ಆ ಲೆಕ್ಕದಲ್ಲಿ ತೆಗೆದುಕೊಂಡರು. ಮಹಿಳೆಯರ ಹೊತ್ತು ಮುಗಿದ ಮೇಲೆ ನಾನು ಚಹಾ ತರುತ್ತೇನೆಂದು ಗಂಡಸರು ಕಾಯುತ್ತಿದ್ದರು. ನಾನು ವರ್ಕ್‌ಶಾಪಿಗೆ ಹೋಗಿ ಕೂರುತ್ತಿದ್ದೆ. ಅವರು ಕೆಲವು ತಿಂಗಳು ಕಾದರು, ಆಮೇಲೆ ತಾವೇ ಕಾಸಿಕೊಂಡರು.

ಅಬು ಖಲೀಲ್ ಕಲಿಸಿದ್ದು ಕಡಿಮೆ ಮಾತಿನಲ್ಲಿ. “ಶೂಫ್” ಎನ್ನುತ್ತಿದ್ದ. ನೋಡು ಎಂದು ಅದರ ಅರ್ಥ. ಬಿಚ್ಚುವ ಮುನ್ನ ನೋಡು, ಬಿಚ್ಚಿದ ಮೇಲೆ ನೋಡು, ಜೋಡಿಸಿ ನೋಡು. ಅವನ ಕಾಲದಲ್ಲಿ ಸ್ಕ್ರೂ ಎಷ್ಟು ಬಿಗಿಯಾಗಿದೆ ಎಂಬುದು ಕೈಯಂದಾಜು. ಮುಂದೆ ಅಳತೆಗೆ ಸರಿಯಾಗಿ ಬಿಗಿ ಮಾಡುವ ಟಾರ್ಕ್ ರೆಂಚ್ ಬಂತು, ನಳಿಗೆಯ ಒಳಗೆ ಇಳಿಬಿಡುವ ಸಣ್ಣ ಕ್ಯಾಮೆರಾ ಬಂತು. ಹಳೆಯ ಕೈಗಳ ಬಗ್ಗೆ ಹಾಡಿ ಹೊಗಳುವವರ ಜೊತೆ ನನಗೆ ಮೊದಲಿನಿಂದಲೂ ಜಗಳವೇ. ಒಳ್ಳೆಯ ಸಲಕರಣೆ ಬಂದರೆ ಎರಡೂ ಕೈ ಚಾಚಿ ತೆಗೆದುಕೊಳ್ಳಿ. ನನ್ನ ಕೈಗೆ ಜ್ವರ ಬರುತ್ತದೆ, ಸುಸ್ತಾಗುತ್ತದೆ. ರೆಂಚಿಗೆ ಆಗುವುದಿಲ್ಲ.

ಅಬು ಖಲೀಲನಿಂದ ನಾನು ಕಲಿತ ದೊಡ್ಡ ವಿಷಯ ವರ್ಕ್‌ಶಾಪಿನದಲ್ಲ, ಗುಂಡು ಹಾರಿಸುವ ಸಾಲಿನದು. ಒಂದು ದಿನ ಸದಸ್ಯನೊಬ್ಬನ ರೈಫಲ್ ನಡುವೆ ನಿಂತುಹೋಯಿತು. ಅವನು ಟ್ರಿಗರ್ ಎಳೆದ, ಏನೂ ಆಗಲಿಲ್ಲ. ಮತ್ತೆ ಎಳೆದ. ಆಮೇಲೆ, ಕೆಟ್ಟ ಮೊಬೈಲನ್ನು ಪಕ್ಕದವನಿಗೆ ತೋರಿಸುವ ಹಾಗೆ, ಬೆರಳನ್ನು ಟ್ರಿಗರಿನ ಮೇಲೆ ಇಟ್ಟುಕೊಂಡೇ ರೈಫಲನ್ನು ಹಿಡಿದು ನಮ್ಮ ಕಡೆ ತಿರುಗಿದ. ಅವನು ಕೆಟ್ಟವನಲ್ಲ, ದಡ್ಡನೂ ಅಲ್ಲ. ನಿಂತುಹೋದ ಯಂತ್ರ ಕೈಯಲ್ಲಿದ್ದಾಗ ಮನುಷ್ಯ ಮಾಡುವುದೇ ಹಾಗೆ. ಅಬು ಖಲೀಲ್ ಹಾರಿ ನಳಿಗೆಯನ್ನು ಮೇಲಕ್ಕೆ ತಳ್ಳಿದ. ಒಳಗೆ ಗುಂಡಿತ್ತು. ಅದು ನೆರಳಿನ ಚಪ್ಪರದ ತಗಡನ್ನು ತೂತು ಮಾಡಿಕೊಂಡು ಹೋಯಿತು. ಆ ತೂತಿನಿಂದ ಒಂದು ದುಡ್ಡಿನಗಲದ ಬಿಸಿಲು ನನ್ನ ಬೂಟಿನ ಮೇಲೆ ಬಿತ್ತು. ಬಂದೂಕು ಸಿಡಿದು ಸತ್ತವರನ್ನು ನಾನು ನನ್ನ ಸೇವೆಯಲ್ಲಿ ನೋಡಿಲ್ಲ. ಬಂದೂಕು ನಿಂತುಹೋಗಿ ಸಾಯಬಹುದಾಗಿದ್ದವಳು ನಾನೇ.

ಅಬು ಖಲೀಲ್ ಊರಿಗೆ ಹೋದ ಮೇಲೆ ವರ್ಕ್‌ಶಾಪು ನನ್ನದಾಯಿತು. ಯಾವ ಬಂದೂಕು ಹಾರಿಸಲು ಯೋಗ್ಯ ಎಂದು ಸಹಿ ಹಾಕಬೇಕಾದವಳು ನಾನು. ಯೋಗ್ಯವಲ್ಲದ್ದಕ್ಕೆ ಕೆಂಪು ಚೀಟಿ ಕಟ್ಟುತ್ತಿದ್ದೆ. ನನ್ನ ಮೇಲಿನ ಅಧಿಕಾರಿ, ಕ್ಲಬ್ಬಿನ ಮ್ಯಾನೇಜರ್, ಪುತ್ತೂರು ಕಡೆಯ ಜಯರಾಮ ರೈಗಳು. ಸದಾ ಇಸ್ತ್ರಿ ಮಾಡಿದ ಅಂಗಿ, ಸದಾ ನಗುಮುಖ. ಸದಸ್ಯರಿಗೆ ಸಿಟ್ಟು ಬರದಂತೆ ನೋಡಿಕೊಳ್ಳುವುದು ಅವರ ಕೆಲಸ, ಅದನ್ನು ಅವರು ಬಹಳ ಚೆನ್ನಾಗಿ ಮಾಡುತ್ತಿದ್ದರು.

ನಾನು ಸಹಿ ಹಾಕದ ಆ ರೈಫಲ್ ಕ್ಲಬ್ಬಿನ ಸದಸ್ಯರಾದ ಸಯೀದ್ ಸಾಹೇಬರದ್ದು. ಅಬುಧಾಬಿಯವರೇ, ನಿವೃತ್ತ ಪೈಲಟ್. ತರುಣರಿದ್ದಾಗ ತರಬೇತಿಗೆಂದು ಅಮೆರಿಕದಲ್ಲಿ ಇದ್ದಾಗ ಒಬ್ಬ ಮುದುಕನ ಮನೆಯಲ್ಲಿ ಬಾಡಿಗೆಗಿದ್ದರಂತೆ. ಆ ಮುದುಕನೂ ಇವರೂ ಸೇರಿ ಅವನ ಗ್ಯಾರೇಜಿನಲ್ಲಿ ಬಿಡಿಭಾಗ ಒಂದೊಂದಾಗಿ ತರಿಸಿ ಜೋಡಿಸಿದ ರೈಫಲ್ ಅದು. ಮುದುಕ ಸತ್ತ ಮೇಲೆ ಅದು ಇವರ ಪಾಲಿಗೆ ಬಂತು. ಇಲ್ಲಿ ಮನೆಯಲ್ಲಿ ಹಾಗೆಲ್ಲ ಬಂದೂಕು ಕಟ್ಟಲು ಕಾನೂನು ಬಿಡುವುದಿಲ್ಲ. ಪೊಲೀಸರ ಅನುಮತಿ ಪಡೆದು ತರಿಸಿ, ಕ್ಲಬ್ಬಿನ ಕಬ್ಬಿಣದ ಕೋಣೆಯಲ್ಲೇ ಇಟ್ಟಿದ್ದರು. ಅವರ ಮಗಳು ಮರಿಯಂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಮಹಿಳೆಯರ ಹೊತ್ತಿನಲ್ಲಿ ನನ್ನ ಕಣ್ಣೆದುರಿಗೇ ಗುಂಡು ಹಾರಿಸಲು ಕಲಿತವಳು. ಬರಲಿರುವ ಸ್ಪರ್ಧೆಯಲ್ಲಿ ಆ ರೈಫಲಿನಿಂದಲೇ ಅವಳು ಹಾರಿಸಬೇಕೆಂದು ತಂದೆಗೆ ಆಸೆ.

ಆದರೆ ರೈಫಲ್ ನಡುನಡುವೆ ನಿಲ್ಲುತ್ತಿತ್ತು. ಒಂದು ಗುಂಡು ಹಾರುತ್ತಿತ್ತು, ಖಾಲಿ ತೋಟಾ ಅಲ್ಲೇ ಸಿಕ್ಕಿಬೀಳುತ್ತಿತ್ತು.

“ತೋಟಾದ ದೋಷ” ಎಂದರು ಸಯೀದ್.

ನಾನು ಮುಂಭಾಗದ ಕವಚ ತೆಗೆದು ನೋಡಿದೆ. ಕಾಣಿಸಿತು. ಅದನ್ನು ಅರ್ಥವಾಗುವಂತೆ ಹೇಳುತ್ತೇನೆ. ಇಂಥ ರೈಫಲಿನಲ್ಲಿ ಗುಂಡು ನಳಿಗೆಯಲ್ಲಿ ಓಡುವಾಗ ಅದರ ಹಿಂದಿನ ಬಿಸಿ ಅನಿಲ ಒಂದು ಸಣ್ಣ ತೂತಿನಿಂದ ಸ್ವಲ್ಪ ಹೊರಬರುತ್ತದೆ. ಆ ತೂತಿನ ಮೇಲೆ ಉಕ್ಕಿನ ಒಂದು ಗಟ್ಟಿ ಕಾಲರು ಕೂತಿರುತ್ತದೆ, ಅದೇ ಗ್ಯಾಸ್ ಬ್ಲಾಕ್. ಅದು ಅನಿಲವನ್ನು ಹಿಡಿದು ತೆಳುವಾದ ಕೊಳವೆಯ ಮೂಲಕ ಹಿಂದಕ್ಕೆ ಕಳಿಸುತ್ತದೆ. ಆ ತಳ್ಳುವಿಕೆಯಿಂದಲೇ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಬರುವುದು. ಕಾಲರು ಕೂದಲೆಳೆಯಷ್ಟು ಸರಿದರೂ ತೂತಿಗೆ ತೂತು ಕೂಡುವುದಿಲ್ಲ. ಅನಿಲ ಪಕ್ಕದಿಂದ ಸೋರುತ್ತದೆ, ರೈಫಲ್ ನಿಲ್ಲುತ್ತದೆ. ಸಯೀದರ ರೈಫಲಿನಲ್ಲಿ ಬ್ಲಾಕ್ ಮೊದಲು ಕೂತಿದ್ದ ಜಾಗ ನಳಿಗೆಯ ಮೇಲೆ ಹೊಳೆಯುತ್ತಿತ್ತು. ಈಗ ಕೂತ ಜಾಗದ ಅಂಚಿನಿಂದ ಕರಿಮಸಿ ಬಾಲದ ಹಾಗೆ ಎಳೆದುಕೊಂಡಿತ್ತು. ಹಿಡಿತಕ್ಕೆ ಇದ್ದದ್ದು ಕೆಳಗಿನ ಎರಡು ಪುಟ್ಟ ಸ್ಕ್ರೂ ಮತ್ತು ಅಂಟು. ನುಣುಪಾದ ದುಂಡು ನಳಿಗೆಯ ಮೇಲೆ ಸ್ಕ್ರೂ ತುದಿಗೆ ಕಚ್ಚಿಕೊಳ್ಳಲು ಏನೂ ಇರಲಿಲ್ಲ. ಅಂಟು ಬಿಸಿಗೆ ಸುಟ್ಟು ಪುಡಿಯಾಗಿತ್ತು.

ನಾನು ಹಿಂದೆಯೂ ಇಂಥದ್ದನ್ನು ಕಂಡಿದ್ದೆ. ಬಿಗಿ ಮಾಡಿದರೆ ಕೆಲವು ದಿನ ನಿಲ್ಲುತ್ತದೆ, ಬಿಸಿಯಾಗಿ ತಣ್ಣಗಾಗಿ ಮತ್ತೆ ಸಡಿಲಾಗುತ್ತದೆ. ಬ್ಲಾಕನ್ನೂ ನಳಿಗೆಯನ್ನೂ ಹಿಡಿದು ಅಡ್ಡಲಾಗಿ ಉಕ್ಕಿನ ಪಿನ್ನು ಹಾಯಿಸಿದರೆ ಮಾತ್ರ ಅದು ಅಲ್ಲಾಡದು. ಕೆಂಪು ಚೀಟಿ ಕಟ್ಟಿ, ಪಿನ್ನು ಹಾಕಬೇಕು ಎಂದೆ.

ಸಯೀದರ ಮುಖ ಬಿಗಿಯಾಯಿತು. “ಆ ನಳಿಗೆಯನ್ನು ನನ್ನ ಮುದುಕ ಆರಿಸಿದ್ದು. ಅದಕ್ಕೆ ನೀನು ಗಾಯ ಮಾಡುತ್ತೀಯಾ? ಸ್ಕ್ರೂ ಬಿಗಿ ಮಾಡಿ ಕೊಡು, ಖಲಾಸ್.”

“ಸಾಹೇಬರೇ, ವಿಮಾನದ ಮೆಕ್ಯಾನಿಕ್ ಸಹಿ ಹಾಕದೆ ಇದ್ದಿದ್ದರೆ ನೀವು ಹಾರುತ್ತಿದ್ದಿರಾ?”

“ಇದು ವಿಮಾನವಲ್ಲ. ನನಗೆ ಪಾಠ ಹೇಳಬೇಡ” ಎಂದು ಎದ್ದು ಹೋದರು.

ಅವರು ಹೋದ ಹಿಂದೆಯೇ ರೈಗಳು ಬಂದರು. ಬಾಗಿಲು ಹಾಕಿಕೊಂಡು ಕೂತರು.

“ಎಂತ ಮೇಡಂ ಇದು? ಎರಡು ಸ್ಕ್ರೂ ಟೈಟ್ ಮಾಡ್ಲಿಕ್ಕೆ ಇಷ್ಟು ರಗಳೆಯಾ? ಅವರು ಎಷ್ಟು ಹಳೆಯ ಮೆಂಬರ್ ಅಂತ ನಿಮಗೆ ಗೊತ್ತುಂಟಲ್ಲ?”

“ಟೈಟ್ ಮಾಡೂದು ದೊಡ್ಡದಲ್ಲ ಸರ್. ಅದು ಟೈಟ್ ಉಳೀತದಂತ ನಾ ಹೆಂಗ ಸಹಿ ಹಾಕ್ಲಿ?”

“ಉಳಿಯದಿದ್ರೆ ಎಂತ ಆಗ್ತದೆ? ಬಂದೂಕು ಒಡೀತದಾ?”

“ಒಡ್ಯೂದಿಲ್ಲ.”

“ಮತ್ತೆ?”

“ನಿಲ್ತದ. ಸ್ಪರ್ಧಾದಾಗ, ಗಡಿಯಾರ ಓಡೂವಾಗ, ಎಲ್ಲಾರೂ ಕೂಗೂವಾಗ ನಿಲ್ತದ. ನಿಂತಾಗ ಹಿಡಿದವರು ಏನ್ ಮಾಡ್ತಾರ ಅನ್ನೂದನ್ನ ನಾ ನೋಡೇನಿ. ಅದಕ್ಕ ಸಹಿ ಇಲ್ಲ.”

ರೈಗಳು ಸ್ವಲ್ಪ ಹೊತ್ತು ಮೇಜಿನ ಮೇಲಿನ ಸುತ್ತಿಗೆಯನ್ನು ಆಚೀಚೆ ಉರುಳಿಸಿದರು. “ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂ ಈ ವರ್ಷ ಉಂಟು ಮಾರಾಯ್ರೆ” ಎಂದರು. ದನಿ ಎತ್ತರಿಸಲಿಲ್ಲ. ನಗುತ್ತಲೇ ಹೇಳಿದರು.

ಅದರ ಅರ್ಥ ನನಗೆ ಗೊತ್ತಿತ್ತು. ನಮ್ಮ ಯಜಮಾನರ ಗೋದಾಮು ಆ ಹೊತ್ತಿಗೆ ಮುಚ್ಚಿಹೋಗಿತ್ತು. ಮನೆಯವರ ವೀಸಾಗಳೆಲ್ಲ ನನ್ನ ಕೆಲಸದ ಮೇಲೆ ನಿಂತಿದ್ದವು. ಮಗಳು ಶಾಲೆಯ ಕೊನೆಯ ವರ್ಷದಲ್ಲಿದ್ದಳು. ನನ್ನ ಕೆಲಸ ಹೋದರೆ ಎಲ್ಲರೂ ಪೆಟ್ಟಿಗೆ ಕಟ್ಟಬೇಕು.

ಸಂಜೆ ನಮ್ಮ ಯಜಮಾನರು ಅಲ್ ಮೀನಾ ಮಾರುಕಟ್ಟೆಯಿಂದ ತರಕಾರಿ ತಂದು ಹರವುತ್ತಿದ್ದಾಗ ಹೇಳಿದೆ. ಬದನೆಕಾಯಿ ಹಿಡಿದವರು ಹಾಗೇ ಕೂತರು.

“ಯಾರದೋ ಬಂದೂಕಿನ ಸಲುವಾಗಿ ನಮ್ಮ ಮನಿ ಮುಳುಗಸ್ತಿಯೇನ?”

“ನಾ ಮುಳುಗಸ್ತಿಲ್ಲರೀ.”

“ಮತ್ತ ಯಾರು? ಹುಡುಗಿ ಪರೀಕ್ಷಾ ಐತಿ. ಈ ವಯಸ್ಸಿನ್ಯಾಗ ನನಗ ಎಲ್ಲಿ ಕೆಲಸ ಕೊಡ್ತಾರ? ಒಂದ ಸಹಿ. ನೀ ಹಾಕದಿದ್ರ ಇನ್ನೊಬ್ಬ ಹಾಕ್ತಾನ. ಬಂದೂಕಂತೂ ಓಡೇ ಓಡ್ತದ.”

“ಇನ್ನೊಬ್ಬ ಹಾಕ್ಲಿ. ಅದು ಅಂವನ ಸಹಿ.”

“ಹಠ ಅಂತಾರ ಇದಕ್ಕ.”

“ಹೌದು, ಹಠಾನ. ನೀವು ಹಠಾ ಅನ್ರಿ, ಸೊಕ್ಕು ಅನ್ರಿ. ಆ ಹುಡುಗಿ ಕೈಯಾಗ ಆ ಬಂದೂಕ ಇದ್ದಾಗ ಅಕಿ ಹಿಂದ ನಿಲ್ಲಾಕಿ ನಾನು.”

ಅವರು ಬದನೆಕಾಯಿ ಬುಟ್ಟಿಗೆ ಹಾಕಿ ಎದ್ದು ಹೋದರು. ಗಂಡ ಬೆನ್ನು ತಟ್ಟಿ ಧೈರ್ಯ ಹೇಳಿದ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಆದರೆ ಅವರು ಹೆದರಿದ್ದರು, ಹೆದರಲು ಅವರಿಗೆ ಕಾರಣವಿತ್ತು. ನನಗೂ ಹೆದರಿಕೆಯಿತ್ತು. ಆದರೆ ಹೆದರಿಕೊಂಡೂ ಸಹಿ ಹಾಕದೆ ಇರಬಹುದು.

ಕ್ಲಬ್ಬಿನವರು ದುಬೈಯಿಂದ ಬೇರೊಬ್ಬ ಆರ್ಮರರನ್ನು ಕರೆಸಿದರು. ಅವನು ಒಳ್ಳೆಯ ಕೆಲಸಗಾರನೇ. ಸ್ಕ್ರೂ ಬಿಚ್ಚಿ, ಹಳೆಯ ಅಂಟು ಕೆರೆದು, ಬ್ಲಾಕನ್ನು ಸರಿಯಾದ ಜಾಗಕ್ಕೆ ತಂದು, ಹೊಸ ಅಂಟು ಹಾಕಿ ಅಳತೆಯಂತೆ ಬಿಗಿ ಮಾಡಿದ. ನನ್ನ ಕೆಂಪು ಚೀಟಿ ಕತ್ತರಿಸಿ ಸಹಿ ಹಾಕಿದ. ಹೋಗುವಾಗ “ಅಕ್ಕಾ, ಇಷ್ಟಕ್ಕೇ ಏಕೆ ತಲೆ ಕೊಡುತ್ತೀರಿ?” ಎಂದು ಹಿಂದಿಯಲ್ಲಿ ಕೇಳಿದ. ನನ್ನನ್ನು ವರ್ಕ್‌ಶಾಪಿನಿಂದ ತೆಗೆದು, ಗುಂಡಿನ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುವ ಮಫ್, ಕನ್ನಡಕ ಕೊಡುವ ಕೌಂಟರಿಗೆ ಹಾಕಿದರು. ವಾಪಸ್ ಬಂದ ಮಫ್‌ಗಳ ಬೆವರು ಒರೆಸಿ ಮತ್ತೆ ಜೋಡಿಸುವುದು ನನ್ನ ಕೆಲಸ.

ಮೊದಲ ದಿನವೇ ಮರಿಯಂ ಕೌಂಟರಿಗೆ ಬಂದಳು. ಅವಳಿಗೆ ವಿಷಯ ತಿಳಿದಿತ್ತು.

“ಆಂಟಿ, ಆ ರೈಫಲ್ ನನಗೆ ಅಪಾಯವೇ?”

ಹೌದು ಎಂದು ಹೇಳಿ ಹೆದರಿಸಬಹುದಿತ್ತು. ತಂದೆ ಮಗಳ ನಡುವೆ ಜಗಳ ಹಚ್ಚಿ ಗೆಲ್ಲಬಹುದಿತ್ತು. ನಾನು ಇಷ್ಟೇ ಹೇಳಿದೆ: “ಒಂದು ವರ್ಷ ಏನೂ ಆಗದೆ ಇರಬಹುದು. ನಾಳೆಯೇ ನಿಲ್ಲಲೂಬಹುದು. ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಸಹಿ ಹಾಕಲಿಲ್ಲ, ಅಷ್ಟೇ. ನೀನು ಹಾರಿಸುವುದಾದರೆ ಒಂದು ಮಾತು ನೆನಪಿಡು. ರೈಫಲ್ ನಿಂತರೆ ಬೆರಳು ಟ್ರಿಗರಿನಿಂದ ತೆಗಿ. ನಳಿಗೆ ಗುರಿಯ ಕಡೆಗೇ ಇರಲಿ. ಮೇಜಿನ ಮೇಲೆ ಇಡು, ಕೈ ಎತ್ತು. ಹಿಂದಿನಿಂದ ಯಾರು ಏನು ಕೂಗಿದರೂ ತಿರುಗಬೇಡ. ನಿನ್ನ ಅಪ್ಪ ಕೂಗಿದರೂ.”

ಅವಳು ಮಫ್ ತೆಗೆದುಕೊಂಡು ಹೋದಳು. ಸ್ಪರ್ಧೆಯ ದಿನ ನಾನು ಕೌಂಟರಿನ ಗಾಜಿನ ಹಿಂದಿನಿಂದ ನೋಡಿದೆ. ರೈಫಲ್ ಒಮ್ಮೆಯೂ ನಿಲ್ಲಲಿಲ್ಲ. ಮರಿಯಂ ಎರಡನೆಯವಳಾಗಿ ಬಂದಳು. ಸಯೀದ್ ಸಾಹೇಬರು ಎಲ್ಲರಿಗೂ ಖರ್ಜೂರ ಹಂಚುತ್ತ ನನ್ನ ಕೌಂಟರಿಗೂ ಬಂದು ತಟ್ಟೆ ಚಾಚಿದರು.

“ಮಾಫಿ ಮುಷ್ಕಿಲ್” ಎಂದರು. ಏನೂ ತೊಂದರೆಯಾಗಲಿಲ್ಲ ನೋಡು ಎಂಬ ದನಿ.

ಖರ್ಜೂರ ತಿಂದೆ. ಚೆನ್ನಾಗಿತ್ತು. “ಹುಡುಗಿ ಚೆನ್ನಾಗಿ ಹಾರಿಸಿದಳು. ಪಿನ್ನು ಇನ್ನೂ ಬೇಕು” ಎಂದೆ.

ಅವರು ತಟ್ಟೆ ಹಿಂದಕ್ಕೆ ತೆಗೆದುಕೊಂಡರು. ಸುತ್ತ ನಿಂತವರು ನಕ್ಕರು. ಆ ವಾರವಿಡೀ ಕ್ಲಬ್ಬಿನ ಗಂಡಸರು ಯಾವುದಾದರೂ ಬಾಗಿಲು ಕಿರುಗುಟ್ಟಿದರೆ “ಪಿನ್ನು ಬೇಕು, ಪಿನ್ನು ಬೇಕು” ಎಂದು ನನಗೆ ಕೇಳುವ ಹಾಗೆ ಹೇಳುತ್ತಿದ್ದರು. ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಗಟ್ಟಿಯಾಗಿ ತಿಳಿದುಕೊಳ್ಳಬೇಕು. ನೀವು ಬೇಡವೆಂದದ್ದು ನಡೆದೂ ಏನೂ ಆಗದೆ ಹೋಗುವ ದಿನ ಬರುತ್ತದೆ. ಆ ದಿನ ನೀವು ಎಲ್ಲರ ಕಣ್ಣಿಗೂ ಮೂರ್ಖರಾಗಿ ಕಾಣುತ್ತೀರಿ. ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ಬಂದೂಕು ಸರಿಯಾಗಿತ್ತು ಎಂದಲ್ಲ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಹೇಳಲೂ ಬೇಡಿ. ಮಫ್ ಒರೆಸಿ.

ಬೇಸಿಗೆ ಏರುತ್ತಿತ್ತು. ಒಂದು ಬೆಳಗ್ಗೆ ಸಯೀದ್ ತಮ್ಮ ಗೆಳೆಯರನ್ನು ಕರೆತಂದಿದ್ದರು, ಮಗಳ ಕೈಚಳಕ ತೋರಿಸಲು. ಆ ಸಾಲಿನಲ್ಲಿ ಮರಿಯಂ ಒಬ್ಬಳೇ ಹುಡುಗಿ. ಗೆಳೆಯರಲ್ಲೊಬ್ಬ ಗಡಿಯಾರ ಹಿಡಿದಿದ್ದ. ನಾಲ್ಕಾರು ಗುಂಡು ಸರಾಗವಾಗಿ ಹೋದವು. ಆಮೇಲೆ ಸದ್ದು ನಿಂತಿತು. ಗಾಜಿನ ಹಿಂದೆ ನಾನು ಎದ್ದು ನಿಂತೆ.

ಗೆಳೆಯರು ಕೂಗಿದರು. ಸಯೀದ್ ಮುಂದೆ ಬಾಗಿ, “ಯಲ್ಲಾ, ಯಲ್ಲಾ, ಬೇಗ ಎಳಿ, ಸಮಯ ಹೋಗುತ್ತಿದೆ!” ಎಂದರು. ಅವಳ ಭುಜ ಒಂದು ಕ್ಷಣ ನಮ್ಮ ಕಡೆ ತಿರುಗಲು ಹೊರಟದ್ದು ನನಗೆ ಕಂಡಿತು. ಅಲ್ಲೇ ನಿಂತಿತು. ಅವಳು ಬೆರಳು ತೆಗೆದಳು, ರೈಫಲನ್ನು ಗುರಿಯ ಕಡೆಗೇ ಇಟ್ಟು ಮೇಜಿನ ಮೇಲೆ ಮಲಗಿಸಿ ಕೈ ಎತ್ತಿದಳು. ತಂದೆ ಮತ್ತೆ ಕೂಗಿದರು. ಅವಳು ಎತ್ತಿದ ಕೈ ಇಳಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ಸಾಲಿನ ಮೇಲ್ವಿಚಾರಕ ಬಂದು ಕೆಂಪು ಬಾವುಟ ಏರಿಸಿ ರೈಫಲ್ ಪರೀಕ್ಷಿಸಿದ. ಒಳಗೆ ಜೀವಂತ ಗುಂಡೊಂದು ಅಡ್ಡ ಸಿಕ್ಕಿಕೊಂಡಿತ್ತು.

ಯಾರಿಗೂ ಏನೂ ಆಗಲಿಲ್ಲ. ಅವಳು ನಿಂತ ಜಾಗದಿಂದ ಹಿಂದಕ್ಕೆ ತಿರುಗಿದ್ದರೆ ನೇರವಾಗಿ ಎದುರಿಗಿದ್ದವರು ಅವಳ ಅಪ್ಪ. ಸಯೀದ್ ತಾವು ನಿಂತಿದ್ದ ಜಾಗವನ್ನೂ ಮಗಳ ಬೆನ್ನನ್ನೂ ನೋಡುತ್ತ ಬಹಳ ಹೊತ್ತು ನಿಂತಿದ್ದರು.

ಮಧ್ಯಾಹ್ನ ರೈಗಳು ಕೌಂಟರಿಗೆ ಬಂದರು. ಅಂದು ಮುಖದಲ್ಲಿ ನಗುವಿರಲಿಲ್ಲ.

“ಬ್ಲಾಕ್ ಪುನಃ ಸಡಿಲ ಆಗಿದೆ. ನೀವು ಹೇಳಿದ ಹಾಗೆ ಮಾಡುವ ಅಂತ ಸಾಹೇಬ್ರು ಹೇಳ್ತಿದ್ದಾರೆ. ಬನ್ನಿ.”

“ಬರೂದಿಲ್ಲ.”

“ಇನ್ನೆಂತ ಬೇಕು ನಿಮಗೆ?”

“ಕೌಂಟರಿನ್ಯಾಗಿನ ಕೆಲಸದಾಕಿ ಪಿನ್ನು ಹಾಕೂದಿಲ್ಲ ಸರ್. ವರ್ಕ್‌ಶಾಪಿನಾಕಿ ಹಾಕ್ತಾಳ. ನನ್ನ ಜಾಗಾ ನನಗ ಕೊಡ್ರಿ. ಮತ್ತ ಇನ್ನೊಂದು. ಕೆಂಪು ಚೀಟಿ ಕಟ್ಟಿದ ಮ್ಯಾಲೆ ಅದನ್ನ ಬಿಚ್ಚೂದು ಕಟ್ಟಿದವರ ಕೈಯಾಗಿರಬೇಕು. ನಾ ಇರಲಿ, ಮುಂದ ಬರೂವವರಿರಲಿ. ಮ್ಯಾನೇಜರೂ ಮುಟ್ಟೂಹಂಗಿಲ್ಲ.”

“ಇದು ಬ್ಲ್ಯಾಕ್‌ಮೇಲ್ ಅಲ್ವಾ ಮಾರಾಯ್ರೆ?”

“ನೀವು ಕಾಂಟ್ರ್ಯಾಕ್ಟ್ ಅಂದಾಗ ನಾ ಆ ಶಬ್ದ ಬಳಸಲಿಲ್ಲ.”

ರೈಗಳು ನನ್ನನ್ನು ದಿಟ್ಟಿಸಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಕೌಂಟರಿನ ಮೇಲಿದ್ದ ಒಂದು ಮಫ್ ಎತ್ತಿ ಅದರ ಬೆವರನ್ನು ತಾವೇ ಒರೆಸಿ ಸಾಲಿಗೆ ಇಟ್ಟರು. “ಮೇಲಿನವರ ಹತ್ರ ನಾನು ಮಾತಾಡ್ತೇನೆ. ಅವರು ಒಪ್ಪದಿದ್ರೆ ನನಗೆ ಬೈಬೇಡಿ” ಎಂದರು. ಮಾತಾಡಿದರು. ನನ್ನ ಎದುರಿಗೆ ಎಂದೂ ಹೇಳಿಕೊಳ್ಳಲಿಲ್ಲ, ಆದರೆ ಆ ನಿಯಮಕ್ಕಾಗಿ ಅವರು ತಮ್ಮ ಮೇಲಿನವರ ಜೊತೆ ದೊಡ್ಡ ಜಗಳವನ್ನೇ ಆಡಿದರೆಂದು ಆಮೇಲೆ ಕೇಳಿದೆ. ಸಿಟ್ಟು ಬಾರದಂತೆ ನೋಡಿಕೊಳ್ಳುವ ಮನುಷ್ಯನಿಗೆ ಅದು ಸುಲಭದ್ದಾಗಿರಲಿಕ್ಕಿಲ್ಲ. ನ್ಯಾಯವಾಗಿ ಹೇಳಬೇಕಾದ್ದನ್ನು ಹೇಳಿದ್ದೇನೆ.

ವರ್ಕ್‌ಶಾಪಿಗೆ ಮರಳಿದ ದಿನ ಮೊದಲು ಮಾಡಿದ್ದು ಅದೇ ಕೆಲಸ. ಸಯೀದ್ ಸಾಹೇಬರೂ ಮರಿಯಮಳೂ ಬಂದು ಪಕ್ಕದಲ್ಲಿ ನಿಂತರು. ಅವರು ಕ್ಷಮೆ ಕೇಳಲಿಲ್ಲ. ನಾನೂ ಕಾಯಲಿಲ್ಲ. ನಳಿಗೆಯನ್ನು ಮೇಜಿಗೆ ಬಿಗಿದ ಹಿಡಿಕೆಯಲ್ಲಿ ಕೂರಿಸಿ, ಬ್ಲಾಕಿನ ತೂತು ನಳಿಗೆಯ ತೂತಿಗೆ ಸರಿಯಾಗಿ ಕೂಡಿದೆಯೇ ಎಂದು ಕ್ಯಾಮೆರಾ ಇಳಿಸಿ ನೋಡಿದೆ. ಅವರಿಗೂ ತೋರಿಸಿದೆ. ಪರದೆಯ ಮೇಲೆ ಆ ಪುಟ್ಟ ದುಂಡು ಬೆಳಕು ಕಂಡಾಗ ಅವರು ಅರಬ್ಬಿಯಲ್ಲಿ ಏನೋ ಮೆಲ್ಲಗೆ ಹೇಳಿಕೊಂಡರು.

ಪಿನ್ನಿಗೆ ದಾರಿ ಕೊರೆಯುವಾಗ ಅವರು ಮುಖ ಬೇರೆ ಕಡೆ ತಿರುಗಿಸಿದರು. ಉಕ್ಕಿನ ಸುರುಳಿ ಸಣ್ಣಗೆ ಎದ್ದು ಬಿತ್ತು. ತಪ್ಪಾದರೆ ನಳಿಗೆ ಕೆಟ್ಟೇಹೋಗುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಹಠ, ಸೊಕ್ಕು ಎಲ್ಲ ಎಲ್ಲಿಗೋ ಹೋಗಿ, ಕೊರೆಯುವ ತುದಿಯೊಂದೇ ಉಳಿದಿತ್ತು. ಮುಗಿದ ಮೇಲೆ ಪಿನ್ನನ್ನು ಆ ತೂತಿನ ಬಾಯಿಗೆ ಕೂರಿಸಿ, ಸುತ್ತಿಗೆಯನ್ನು ಅವರ ಕೈಗೆ ಕೊಟ್ಟೆ.

“ನಿಮ್ಮ ರೈಫಲ್. ನೀವೇ ಹೊಡೆಯಿರಿ.”

“ನಾನು ಹಾಳು ಮಾಡಿದರೆ?”

“ಈಗ ಹಾಳಾಗುವುದಿಲ್ಲ. ಮೆಲ್ಲಗೆ, ನೇರವಾಗಿ.”

ಅವರು ಹೊಡೆದರು. ಮೊದಲು ಅಳುಕುತ್ತ, ಆಮೇಲೆ ನಿಶ್ಚಯದಿಂದ. ಪಿನ್ನು ಒಳಗಿಳಿದು ಬ್ಲಾಕಿನ ಮೈಗೆ ಸಮವಾಗಿ ಕೂತಿತು. ಅದರ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. “ಮುದುಕ ಇದ್ದಿದ್ದರೆ ಬೈಯುತ್ತಿದ್ದ” ಎಂದರು. ಮಗಳ ಕಡೆ ತಿರುಗಿ, “ಮರಿಯಮಳನ್ನು ನೋಡಿದ್ದರೆ ಬೈಯುತ್ತಿರಲಿಲ್ಲ” ಎಂದರು. ಮರಿಯಂ ನಗುತ್ತ ಅವರ ತೋಳು ಹಿಡಿದಳು. ನಾನು ಗುಂಡು ಹಾರಿಸಿ ಪರೀಕ್ಷಿಸಿದೆ, ಬಿಸಿ ಏರಿಸಿ ಮತ್ತೆ ಪರೀಕ್ಷಿಸಿದೆ. ಆಮೇಲೆ ಸಹಿ ಹಾಕಿದೆ.

ಮನೆಗೆ ಹೋಗಿ ಹೇಳಿದಾಗ ನಮ್ಮ ಯಜಮಾನರು, “ಮುಗೀತಲ್ಲ, ಛಲೋ ಆತು” ಎಂದಷ್ಟೇ ಹೇಳಿದರು. ಊಟಕ್ಕೆ ಕೂತಾಗ ಮಗಳಿಗೆ, “ನಿಮ್ಮವ್ವ ಮಾತ ಕೇಳಾಕಿ ಅಲ್ಲ” ಎಂದರು. ದೂರೋ ಹೊಗಳಿಕೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಗಳು ತಟ್ಟೆಯಿಂದ ತಲೆ ಎತ್ತದೆ “ಐ ನೋ, ಪಪ್ಪಾ” ಎಂದಳು. ರೊಟ್ಟಿ ಮಾತ್ರ ಅಂದು ಅವರೇ ಬಡಿಸಿದರು.

ಆಮೇಲೆ ಅನೇಕ ವರ್ಷ ಅಲ್ಲೇ ಇದ್ದೆ. ಕಾಂಟ್ರ್ಯಾಕ್ಟ್ ಪ್ರತಿ ಸಲವೂ ನವೀಕರಣವಾಯಿತು, ಪ್ರತಿ ಸಲವೂ ತಡವಾಗಿ. ಆ ತಡ ನನಗಾಗಿಯೇ ಇಟ್ಟದ್ದು ಎಂದು ಗೊತ್ತಿತ್ತು. ನನ್ನ ಕೆಂಪು ಚೀಟಿಗಳಿಂದ ಸಿಟ್ಟಾಗಿ ಬೇರೆ ಕ್ಲಬ್ಬಿಗೆ ಹೋದ ಸದಸ್ಯರಿದ್ದಾರೆ. ಅವರ ಬಂದೂಕುಗಳು ಅಲ್ಲಿ ಚೆನ್ನಾಗಿಯೇ ಓಡುತ್ತಿರಬಹುದು. ಓಡಲಿ. ನಾನು ತಡೆದವುಗಳಲ್ಲಿ ಎಷ್ಟು ನಿಜವಾಗಿಯೂ ತಡೆಯಬೇಕಾಗಿದ್ದವು ಎಂದು ಯಾರೂ ಹೇಳಲಾರರು. ಈ ಕೆಲಸದಲ್ಲಿ ಗೆದ್ದದ್ದು ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ತಾಳಿಕೊಳ್ಳಲು ಆಗದವರು ಅಂಗಡಿ ಇಟ್ಟುಕೊಳ್ಳುವುದು ಒಳ್ಳೆಯದು.

ನಿವೃತ್ತಿಯ ದಿನ ಕ್ಲಬ್ಬಿನ ಊಟದ ಕೋಣೆಯಲ್ಲಿ ಕೇಕು ಕತ್ತರಿಸಿದರು. ಮರಿಯಂ ತನ್ನ ಮಗುವನ್ನು ಎತ್ತಿಕೊಂಡು ಬಂದಿದ್ದಳು. ರೈಗಳು ಕೂದಲು ಬೆಳ್ಳಗಾಗಿದ್ದರೂ ಅಂಗಿಯ ಇಸ್ತ್ರಿ ಕೆಡಿಸಿಕೊಂಡಿರಲಿಲ್ಲ. ಮೈಕು ಹಿಡಿದು ನಗುನಗುತ್ತ ಇಂಗ್ಲಿಷಿನಲ್ಲಿ ಮಾತಾಡಿದರು. ನಾನು ಎಲ್ಲರಿಗೂ ಬೇಕಾದವಳು, ಎಂಥ ಕೆಲಸ ಕೊಟ್ಟರೂ ಇಲ್ಲ ಎಂದವಳೇ ಅಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ಹೋಗಿ ಅವರ ಕೈಯಿಂದ ಮೈಕು ತೆಗೆದುಕೊಂಡೆ.

“ಸುಳ್ಳು ಹೇಳಬೇಡ್ರಿ ಸರ್. ಇಲ್ಲ ಅನ್ನೂದಕ್ಕ ಇವರು ನನಗ ಸಂಬಳ ಕೊಟ್ಟಾರ” ಎಂದು ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿನಲ್ಲೂ ಹೇಳಿದೆ. ಹಿಂದಿನ ಸಾಲಿನಲ್ಲಿ ಮರಿಯಂ ಗಟ್ಟಿಯಾಗಿ ನಕ್ಕಳು, ಅವಳನ್ನು ನೋಡಿ ಉಳಿದವರೂ ನಕ್ಕರು.

ರೈಗಳೂ ನಕ್ಕರು. ಮೈಕಿನಿಂದ ದೂರ ಬಾಗಿ ನನಗಷ್ಟೇ ಕೇಳುವಂತೆ, “ಇವತ್ತು ಒಂದು ದಿನವಾದ್ರೂ ಸುಮ್ಮನೆ ಒಪ್ಪಿಕೊಳ್ಳುದಲ್ವಾ ಮಾರಾಯ್ರೆ?” ಎಂದು ಕೇಳಿದರು.

“ಇಲ್ಲ” ಎಂದೆ.